ರೋಗ ಕರೆಯುವ ಸಾಲು

ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಆಳಂದದಿಂದ ಜಿಡಗಾ ಕಡೆ ಹೊರಟಿದ್ದ ಬಸ್ಸು ಮಂಜಿನಲ್ಲಿ ನಿಂತುಬಿಟ್ಟಿತು. ನಮ್ಮ ಕಡೆ ನದಿ ದಂಡೆ ಬಿಟ್ಟರೆ ಮಂಜು ಬೀಳುವುದೇ ಅಪರೂಪ. ಬಿದ್ದರೂ ಬಿಸಿಲು ಏರುವಷ್ಟರಲ್ಲಿ ಹೇಳದೆ ಕೇಳದೆ ಹೊರಟುಹೋಗುತ್ತದೆ. ಅಂದು ಹೋಗಲಿಲ್ಲ. ಡ್ರೈವರ್ ದೀಪ ಆರಿಸದೆಯೇ ಬಸ್ಸನ್ನು ರಸ್ತೆ ಬದಿಗೆ ಹಾಕಿ ಬೀಡಿ ಹೊತ್ತಿಸಿದ. ಜನ ಇಳಿದು ಫೋಟೊ ತೆಗೆದುಕೊಳ್ಳತೊಡಗಿದರು. "ನಮ್ಮ ಆಳಂದ ಮಹಾಬಳೇಶ್ವರ ಆಗ್ಯಾದ ನೋಡ್ರಿ" ಎಂದು ಒಬ್ಬ ನಗಿಸಿದ. ನಾನು ಮಾತ್ರ ಇಳಿದವಳೇ ರಸ್ತೆ ಪಕ್ಕದ ಗೋಧಿ ಹೊಲಕ್ಕೆ ಹೋಗಿ, ಬಗ್ಗಿ, ಒಂದು ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಎಳೆದೆ. ಬೆರಳು ಒದ್ದೆಯಾಯಿತು, ಬಣ್ಣ ಹತ್ತಲಿಲ್ಲ. ಆಮೇಲೆಯೇ ನನಗೆ ಉಸಿರು ನೆಟ್ಟಗಾಡಿದ್ದು.

ಗೋಧಿಯ ಎಲೆ ಮುಟ್ಟಿ ಬೆರಳು ನೋಡಿಕೊಳ್ಳುವ ಈ ಚಟ ಹತ್ತಿದ್ದು ಕೆಲವು ವರ್ಷಗಳ ಹಿಂದೆ, ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಹೊಲದಲ್ಲಿ. ಅಲ್ಲಿ ನಾನು ಕಳೆದದ್ದು ಒಂದೇ ಹಿಂಗಾರು. ಅದಾದ ಮೇಲೆ ಬಂದುಹೋದ ಹಿಂಗಾರುಗಳೆಲ್ಲ ಒಂದರೊಳಗೊಂದು ಕಲಸಿಹೋಗಿವೆ. ಅದೊಂದು ಮಾತ್ರ ಬೇರೆಯಾಗಿಯೇ ಉಳಿದಿದೆ.

ನಾನು ಜೇವರ್ಗಿ ತಾಲೂಕಿನ ಕೊಳಕೂರದವಳು. ಜೋಳ, ತೊಗರಿಯ ನಡುವೆ ಬೆಳೆದು, ಕೃಷಿ ಓದಿ, ಗೋಧಿಯ ಹೊಸ ತಳಿ ಮಾಡುವ ಒಂದು ಸಂಶೋಧನಾ ಕೇಂದ್ರದಲ್ಲಿ ಸಹಾಯಕಿಯಾಗಿ ಸೇರಿದ್ದೆ. "ಇರೋ ಗೋಧಿನೇ ತಿಂದು ಮುಗೀವಲ್ದು, ಮತ್ತ ಹೊಸದ್ಯಾಕ ಮಾಡ್ತೀರವ್ವಾ?" ಎಂದು ನಮ್ಮವ್ವ ಕೇಳಿದರೆ ನಾನು ಸಿಡುಕುತ್ತಿದ್ದೆ. ಸಿಡುಕು ನನಗೆ ಹುಟ್ಟಿನಿಂದ ಬಂದದ್ದು. ಮನಸ್ಸಿನಲ್ಲಿದ್ದುದು ನಾಲಿಗೆಗೆ ಬಾರದಂತೆ ತಡೆಹಿಡಿಯುವ ಕಲೆ ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದರೂ ನಾನು ಕಲಿಯುತ್ತಿದ್ದೆನೋ ಇಲ್ಲವೋ.

ನನ್ನ ಮೇಲಧಿಕಾರಿ ಹಿರೋಳಿ ಸರ್. ಆ ವರ್ಷ ಮಾರ್ಚ್ ಕೊನೆಗೆ ಅವರ ನಿವೃತ್ತಿ. ತೆಳ್ಳಗೆ, ಕೋಲಿನಂಥ ಮನುಷ್ಯ. ಜೇಬಿನಲ್ಲಿ ಪೆನ್ನಿನ ಬದಲು ಚಿಮಟ ಇಟ್ಟುಕೊಂಡು ತಿರುಗುತ್ತಿದ್ದರು. ಅವರು ಜೀವಮಾನವಿಡೀ ಮಾಡಿದ ಕೆಲಸ ಕೇಳಿದವರಿಗೆ ಕಟ್ಟುಕತೆ ಅನಿಸುತ್ತದೆ. ಗೋಧಿಗೆ ರೈ ಅಂತ ಒಬ್ಬ ದೂರದ ನೆಂಟನಿದ್ದಾನೆ. ಚಳಿ ದೇಶದ ಧಾನ್ಯ. ನಮ್ಮ ಜಿಲ್ಲೆಯಲ್ಲಿ ಅದನ್ನು ತಿಂದವರಿಲ್ಲ, ಅದಕ್ಕೊಂದು ಕನ್ನಡ ಹೆಸರೂ ಇಲ್ಲ. ಆದರೆ ಗೋಧಿಯನ್ನು ನೆಲಕ್ಕೆ ಹಾಕುವ ತುಕ್ಕು ರೋಗಕ್ಕೆ ರೈ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆ ಗಟ್ಟಿತನವನ್ನಷ್ಟೇ ಗೋಧಿಗೆ ತರಬೇಕು, ಉಳಿದ ರೈ ಬೇಡ. ಗೋಧಿ ತೆನೆಯ ಗಂಡುಭಾಗಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು, ರೈ ಹೂವಿನ ಪರಾಗ ಉದುರಿಸಿ, ತೆನೆಗೆ ಕಾಗದದ ಟೊಪ್ಪಿಗೆ ಹಾಕುತ್ತಾರೆ. ಎಷ್ಟೋ ಹೂಗಳಲ್ಲಿ ಎಲ್ಲೋ ಒಂದು ಕಾಳು ನಿಲ್ಲುತ್ತದೆ. ಅದರಿಂದ ಹುಟ್ಟಿದ ಗಿಡ ಹೇಸರಗತ್ತೆಯ ಹಾಗೆ ಬಂಜೆ. ಅದಕ್ಕೆ ಔಷಧ ಉಣಿಸಿ ವರ್ಣತಂತುಗಳನ್ನು ದುಪ್ಪಟ್ಟು ಮಾಡಿ, ಕಾಳು ಕಟ್ಟುವಂತೆ ಮಾಡಿ, ಮತ್ತೆ ಗೋಧಿಗೆ ಕೂಡಿಸಿ, ಹುಟ್ಟಿದ್ದನ್ನು ಮತ್ತೆ ಗೋಧಿಗೆ ಕೂಡಿಸಿ, ತಲೆಮಾರಿನಿಂದ ತಲೆಮಾರಿಗೆ ರೈಯನ್ನು ತೊಳೆಯುತ್ತ ಹೋಗಬೇಕು. ಕೊನೆಗೆ ಗೋಧಿಯ ಮೈಯಲ್ಲಿ ರೋಗ ತಡೆಯುವ ಒಂದು ಚೂರು ರೈ ಮಾತ್ರ ಉಳಿಯಬೇಕು. "ಲಗ್ನ ಮಾಡೋದು ಸಸಾರ ಐತಿ ಸುಜಾತಾ, ಸಂಸಾರ ಮಾಡಸೋದು ಕಷ್ಟ" ಎಂದು ಸರ್ ನಗುತ್ತಿದ್ದರು.

ಹಿಂದೆ ಇಂಥದೇ ಒಂದು ಚೂರು ಗೋಧಿಗೆ ಬಂದಿತ್ತು. ಎಷ್ಟೋ ದೇಶಗಳು ಅದನ್ನೇ ನಂಬಿ ಬೆಳೆದು ಉಂಡವು. ಆಮೇಲೆ ಹೊರದೇಶದಲ್ಲಿ ಹುಟ್ಟಿದ ಹೊಸ ಬಗೆಯ ತುಕ್ಕು ಅದನ್ನು ದಾಟುವುದನ್ನು ಕಲಿಯಿತು. ಆ ಹೊಸ ತುಕ್ಕು ನಮ್ಮಲ್ಲಿಗೆ ಬಂದಿರಲಿಲ್ಲ. "ಬಂದಿಲ್ಲಂತ ಬಾಗಿಲಾ ತಗದು ಮಲಗಾಕ ಆಗ್ತದೇನು?" ಎನ್ನುತ್ತಿದ್ದ ಸರ್, ಬೇರೊಂದು ರೈಯಿಂದ ಬೇರೊಂದು ಚೂರನ್ನು ತಂದು ಕೂಡಿಸಿದ್ದರು. ಗಾಜಿನ ಮನೆಯೊಳಗೆ ಅದು ಗೆದ್ದಿತ್ತು. ಇನ್ನು ಬಯಲಿನಲ್ಲಿ ನೋಡಬೇಕಿತ್ತು, ನಿಜವಾದ ರೋಗ ನಿಜವಾದ ಗಾಳಿಯಲ್ಲಿ ಬರುವ ಕಡೆ. ಭೀಮಾ ದಂಡೆಯನ್ನು ಆರಿಸಿದ್ದು ಅದಕ್ಕೇ. ನದಿಯ ತೇವ, ನೀರಾವರಿ ಹೊಲ, ಬೆಳಗಿನ ಮಂಜು. ರೋಗಕ್ಕೆ ಇನ್ನೇನು ಬೇಕು?

ಹೊಲ ಖಾಜಾಬಿಯದು. ಗಂಡ ತೀರಿಕೊಂಡ ಮೇಲೆ ಮಗ ಮಕಬೂಲನ ಜೊತೆ ತಾನೇ ನಿಂತು ಬೇಸಾಯ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಮಗನೊಂದಿಗೆ ಉರ್ದು, ಊರಿನೊಂದಿಗೆ ಕನ್ನಡ, ಎತ್ತುಗಳೊಂದಿಗೆ ಎರಡೂ. ನಾನು ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಆಕೆ ನನ್ನನ್ನು ಕೊಳಕೂರ ಬೇಟಿ, ಕೊಳಕೂರದ ಮಗಳು, ಎನ್ನುತ್ತಿದ್ದಳು. ಆಕೆಯ ಮನೆಯಲ್ಲಿ ಒಂದು ಗೋಧಿ ಇತ್ತು. ಹೆಸರೇನಿಲ್ಲ, ಮನಿ ಗೋಧಿ ಅಷ್ಟೇ. ಕೆಂಪು ಬಣ್ಣ, ಉದ್ದ ಕಾಳು. ಅತ್ತೆಯಿಂದ ಸೊಸೆಗೆ ಬರುತ್ತ ಬಂದದ್ದು. ಮೊಹರಂನ ಸಿಹಿ ರೊಟ್ಟಿ ಚೊಂಗೆಗೆ, ಫಾತಿಹಾ ಓದಿಸುವಾಗಿನ ಬೆಲ್ಲದ ಮಲೀದಾಕ್ಕೆ ಆ ಮನೆಯಲ್ಲಿ ಬೇರೆ ಗೋಧಿ ಮುಟ್ಟುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಹಲವರ ಮನೆಯಲ್ಲಿ ಇತ್ತಂತೆ. ಈಗ ಉಳಿದದ್ದು ಆಕೆಯ ಗಡಿಗೆಯಲ್ಲಿ, ಬೂದಿ ಮತ್ತು ಬೇವಿನೆಲೆಯ ನಡುವೆ.

ಹಿರೋಳಿ ಸರ್ ಆ ಗೋಧಿಯ ಸುದ್ದಿ ಕೇಳಿ ಮೊದಲ ದಿನವೇ ಅದನ್ನು ಬೇಡಿದರು. "ನಮ್ಮ ಸಾಲುಗಳ ಸುತ್ತ ನಾಕೂ ಕಡಿ ನಿಮ್ಮ ಗೋಧಿ ಹಾಕಬೇಕ್ರಿ ಅಮ್ಮಾ" ಎಂದರು. ಖಾಜಾಬಿಯ ಮುಖ ಅರಳಿತು. ಸರಕಾರದವರು ತನ್ನ ಮನೆ ಗೋಧಿಯನ್ನು ಹುಡುಕಿಕೊಂಡು ಬಂದರಲ್ಲ! ಮಗನಿಗೆ ಕೂಗಿ ಹೇಳಿದಳು, "ಲೇ ಮಕಬೂಲ, ಗಡಿಗಿ ಇಳಸೋ. ಸೀರಿಗಿ ಅಂಚ ಇದ್ದಂಗ ಸುತ್ತ ನಮ್ಮ ಗೋಧಿ ಹಾಕ್ತಾರಂತ."

ಬಿತ್ತನೆಗೆ ಬೀಜ ಕೇಳಿ ಬಂದವರಿಗೆ ಇಲ್ಲ ಎನ್ನುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕೇಳಿದಷ್ಟು ಅಳೆದು, ಮೇಲೊಂದು ಬೊಗಸೆ ಹೆಚ್ಚಿಗೆ ಹಾಕಬೇಕು. ಕೊಟ್ಟ ಬೀಜವನ್ನು ತಿರುಗಿ ತೆಗೆದುಕೊಳ್ಳಬಾರದು. ನಾಲ್ಕೂ ದಿಕ್ಕಿನ ಅಂಚು ಅಂದರೆ ಆಕೆ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಬೇಕಾಯಿತು. ಅಳೆಯುತ್ತ ಅಳೆಯುತ್ತ ಗಡಿಗೆಯ ತಳ ಕಂಡಿತು. ಪ್ರತಿ ವರ್ಷ ಆಪತ್ತಿಗೆಂದು ಒಂದು ಪಾಲು ತೆಗೆದಿಡುತ್ತಿದ್ದಳಂತೆ. ಆ ವರ್ಷ ಅದನ್ನೂ ಸುರುವಿದಳು. ಅಂಚಿಗೆ ಹೋಗಿ ಮಿಕ್ಕದ್ದನ್ನು ಪಕ್ಕದ ತುಂಡು ಹೊಲಕ್ಕೆ ಬಿತ್ತಿಸಿದಳು. ಮನೆಯಲ್ಲಿ ಒಂದು ಹಿಡಿಯೂ ಉಳಿಯಲಿಲ್ಲ.

"ಸ್ವಲ್ಪ ತಗದಿಟ್ಟಿದ್ರ ಚಲೋ ಇತ್ತಲ್ರಿ ಖಾಲಾ" ಎಂದೆ.

"ನೆಲದಾಗ ಇಟ್ಟೇನಲ್ಲ. ಗಡಿಗಿಗಿಂತ ನೆಲ ದೊಡ್ಡದು ಬೇಟಿ" ಎಂದು ಆಕೆ ಕೈ ಕೊಡವಿಕೊಂಡಳು. ಹೋಗುವಾಗ ಸರ್ ಒಂದು ಮಾತು ಹೇಳಿದರು: ತಾವು ಹೇಳುವ ತನಕ ಆ ಹೊಲಕ್ಕೆ ಯಾವ ಔಷಧವನ್ನೂ ಹೊಡೆಯಬಾರದು. ಖಾಜಾಬಿ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, "ಜಬಾನ ಕೊಟ್ಟೇನ್ರಿ" ಎಂದು ಮಾತು ಕೊಟ್ಟಳು.

ಆ ವರ್ಷ ಮಳೆ ದಸರಾ ದಾಟಿದರೂ ಬಿಡದೆ ಬಿತ್ತನೆ ತಡವಾಗಿತ್ತು. ಆಕೆಯ ಮನೆ ಗೋಧಿ ಮೊದಲೆಲ್ಲ ಬೇಗ ಬಿತ್ತಿ, ನೀರು ಕಟ್ಟದೆ, ಇಬ್ಬನಿಯಲ್ಲೇ ಬೆಳೆದು, ಬೇಗ ಮನೆ ಸೇರುತ್ತಿದ್ದ ಪೀಕು. ಈ ಸಲ ಎಲ್ಲ ತಿರುವುಮುರುವು. ತಡವಾಗಿ ಬಿತ್ತಿದ್ದು, ಪಂಪು ಹಚ್ಚಿ ನೀರು ಬಿಟ್ಟದ್ದು. ಸೊಂಪಾಗಿ ಎದ್ದು ನಿಂತ ಅದನ್ನು ನೋಡಿ ಹಾದಿಯಲ್ಲಿ ಹೋಗುವವರೆಲ್ಲ ಹೊಗಳುತ್ತಿದ್ದರು. ಆ ಸೊಂಪು ನನಗೆ ಸರಿಬರಲಿಲ್ಲ.

ನಾನು ಅಫಜಲಪುರದಲ್ಲಿ ಕೋಣೆ ಹಿಡಿದಿದ್ದು, ದಿನಾ ಅಲ್ಲಿಂದ ಮೊದಲ ಬಸ್ಸಿಗೆ ಹೊಲಕ್ಕೆ ಹೋಗಿ, ಬಿಸಿಲು ಇಳಿದ ಮೇಲೆ ಮರಳುತ್ತಿದ್ದೆ. ಡಿಸೆಂಬರ್ ಮೊದಲಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ನಮ್ಮ ಆಕಾಶವೂ ಬೂದಿ ಬಣ್ಣಕ್ಕೆ ತಿರುಗಿತು. ಗೋಧಿಯ ತುಕ್ಕು ದಕ್ಷಿಣದ ಎತ್ತರದ ಗುಡ್ಡಗಳಲ್ಲಿ ಬೇಸಗೆಯಲ್ಲೂ ಜೀವ ಹಿಡಿದುಕೊಂಡಿದ್ದು, ಇಂಥ ಮೋಡಗಳ ಜೊತೆ ಉತ್ತರಕ್ಕೆ ಬರುತ್ತದೆ. ಕಣ್ಣಿಗೆ ಕಾಣದ ಪುಡಿ, ಸಣ್ಣ ಮಳೆಯೊಂದಿಗೆ ಇಳಿಯುತ್ತದೆ. ಎರಡು ದಿನ ಜಿಟಿಜಿಟಿ ಹನಿಯಿತು. ಊರಿನವರು ಕಡಲೆಗೆ ಒಳ್ಳೆಯದಾಯಿತು ಅಂದರು. ಸರ್ ಬದುವಿನ ಮೇಲೆ ನಿಂತು, ಮೋಡಕ್ಕೆ ಮುಖವೊಡ್ಡಿ, "ಬರ್ಲಿ, ಬರ್ಲಿ" ಎಂದರು. ನೆಂಟರನ್ನು ಕರೆಯುವ ದನಿ. ಕೇಳಿ ನನಗೆ ಮೈ ಜುಮ್ಮೆಂದಿತು. ರೋಗ ಬರಲಿ ಎಂದು ಹಾರೈಸುವುದೇ ನಮ್ಮ ಕೆಲಸ ಎಂಬುದು ಪುಸ್ತಕದಲ್ಲಿ ಓದಿದಾಗ ಹೀಗೆ ಅನಿಸಿರಲಿಲ್ಲ.

ಮಳೆ ನಿಂತ ಮೇಲೆ ಮಂಜು ಬೀಳತೊಡಗಿತು. ಬೆಳಿಗ್ಗೆ ಹೊಲಕ್ಕೆ ಹೋದರೆ ಪಂಪಿನ ಸದ್ದು ಕೇಳುತ್ತದೆ, ಪಂಪು ಕಾಣುವುದಿಲ್ಲ. ಖಾಜಾಬಿ ಮಾತಾಡುತ್ತಾಳೆ, ಎಲ್ಲಿ ನಿಂತಿದ್ದಾಳೋ ಗೊತ್ತಾಗುವುದಿಲ್ಲ. ನಾನು ಮಂಜಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಎಲೆ ತಿರುಗಿಸಿ ನೋಡುತ್ತಿದ್ದೆ. ಹಸಿರು, ಹಸಿರು, ಮತ್ತೆ ಹಸಿರು. ಹೀಗೆ ಏನೂ ಕಾಣದ ದಿನಗಳೇ ಹೆಚ್ಚು ಭಯ ಹುಟ್ಟಿಸುತ್ತಿದ್ದವು. ಪುಡಿ ಬಿದ್ದಿದೆ ಎಂದು ಗೊತ್ತು. ಅದು ಎಲೆಯ ಒಳಗೆ ಏನು ಮಾಡುತ್ತಿದೆ ಎಂಬುದು ಮಾತ್ರ ಗೊತ್ತಿಲ್ಲ.

ಅದು ಹೊರಗೆ ಬಂದದ್ದು ಎಳ್ಳ ಅಮಾವಾಸ್ಯೆಯ ದಿನ. ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ ಇರುತ್ತದೆ. ಸಜ್ಜೆ ರೊಟ್ಟಿ, ಕಡುಬು, ಹತ್ತೆಂಟು ಕಾಯಿಪಲ್ಲೆ ಕೂಡಿಸಿ ಮಾಡಿದ ಭಜ್ಜಿ ಹೊತ್ತುಕೊಂಡು ಹೋಗಿ, ಮೊದಲು ಪೀಕಿನೊಳಗೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಅನ್ನ ಎರಚಿ, ಆಮೇಲೆ ತಾವು ಉಣ್ಣುತ್ತಾರೆ. ಖಾಜಾಬಿಯ ನೆರೆಹೊಲದವರು ಆಕೆಯ ಹೊಲಕ್ಕೂ ಚರಗ ಚೆಲ್ಲುವುದು ಮೊದಲಿನಿಂದ ನಡೆದುಬಂದದ್ದು. ಅವರ ಬುತ್ತಿಯ ಪಕ್ಕದಲ್ಲಿ ಈಕೆಯ ಬುತ್ತಿಯೂ ಬಿಚ್ಚುತ್ತಿತ್ತು. ಅವರ ಹಿರಿಯ ಬಿಳಿ ಅಂಗಿ ತೊಟ್ಟು ಚರಗದ ಬುಟ್ಟಿ ಹಿಡಿದು ಗೋಧಿಯೊಳಗೆ ಒಂದು ಸುತ್ತು ಹಾಕಿ ಹೊರಬಂದ. ನೋಡುತ್ತೇನೆ, ಅಂಗಿಯ ತೋಳಿನ ತುದಿಯಿಂದ ಮೊಣಕೈವರೆಗೆ ಇಟ್ಟಿಗೆ ಪುಡಿ ಒರೆಸಿದ ಹಾಗೆ ಕಲೆ.

"ಕುಂಕುಮ ಹತ್ತಿದಂಗ ಹತ್ತೇದಲ್ರಿ!" ಎಂದು ಆತ ನಕ್ಕು ಕೊಡವಿಕೊಂಡ. ಪುಡಿ ಗಾಳಿಗೆ ಹಾರಿತು.

ನಾನು ಕೈಯಲ್ಲಿದ್ದ ರೊಟ್ಟಿ ಬಿಟ್ಟು ಓಡಿದೆ. ಅಂಚಿನ ಸಾಲಿನಲ್ಲಿ, ಒಳಮಗ್ಗುಲಲ್ಲಿ, ಕೆಳಗಿನ ಎಲೆಗಳೆಲ್ಲ ಕಂದು ಬೊಕ್ಕೆಗಳಿಂದ ತುಂಬಿಹೋಗಿದ್ದವು. ಹಿಂದಿನ ದಿನ ನಾನು ನೋಡಿದ ಕಡೆ ಇರಲಿಲ್ಲ. ನೋಡದ ಕಡೆ ಇತ್ತೋ ಏನೋ. ಬೆರಳಲ್ಲಿ ಹಿಡಿದು ಎಳೆದರೆ ಬೆರಳು ಕೆಂಪಗಾಯಿತು. ಖಾಜಾಬಿ ನನ್ನ ಹಿಂದೆ ಬಂದು ನಿಂತಿದ್ದಳು.

"ಇದೇನು ಬೇಟಿ?"

"ತುಕ್ಕು ರೋಗ ಖಾಲಾ."

"ನಮ್ಮ ಗೋಧಿಗಿ ಯಾವಾಗೂ ಬಂದಿಲ್ಲಲ್ಲ. ನಿಮ್ಮ ಸಾಲಿಗಿ ಬಂದಿಲ್ಲೇನು?"

ನಡುವಿನ ಸಾಲುಗಳಿಗೆ ಬಂದಿರಲಿಲ್ಲ. ಆಕೆ ಒಮ್ಮೆ ಅಂಚನ್ನು, ಒಮ್ಮೆ ನಡುವನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಸುತ್ತ ನಮ್ಮದ ಯಾಕ ಹಾಕಿಸಿದರು? ಖರೇ ಹೇಳು."

ನಾನು ಹೇಳಿಬಿಟ್ಟೆ. ಹೊಸ ತಳಿ ಗಟ್ಟಿಯೋ ಅಲ್ಲವೋ ತಿಳಿಯಬೇಕಾದರೆ ಅದರ ಸುತ್ತ ಮೊದಲು ಕಾಯಿಲೆ ಬೀಳುವ ಗೋಧಿಯನ್ನು ಬಿತ್ತುತ್ತಾರೆ. ಅದರ ಮೇಲೆ ರೋಗ ಬೆಳೆದು ಒಳಗಿನ ಸಾಲುಗಳ ಮೇಲೆ ಬೀಳಬೇಕು. ಬಿದ್ದೂ ಒಳಗಿನದು ನಿಂತರೆ ಗೆದ್ದ ಹಾಗೆ. ಅದಕ್ಕೆ ರೋಗ ಕರೆಯುವ ಸಾಲು ಅನ್ನುತ್ತೇವೆ, ಆಕೆಯ ಗೋಧಿ ಇಷ್ಟು ವರ್ಷ ರೋಗದ ಕಾಲಕ್ಕೆ ಮೊದಲೇ ಮನೆ ಸೇರಿ ತಪ್ಪಿಸಿಕೊಂಡಿತ್ತು ಅಷ್ಟೇ ಎಂದೂ ಹೇಳಿದೆ. ಸರ್ ಬೀಜ ಕೇಳುವಾಗ ಇದನ್ನು ಬಿಡಿಸಿ ಹೇಳಬೇಕಿತ್ತು ಎಂಬ ಸಿಟ್ಟು ನನ್ನ ದನಿಯಲ್ಲಿ ಇತ್ತು.

ಖಾಜಾಬಿ ಕೂಗಾಡಲಿಲ್ಲ. ಒಂದು ಎಲೆಯ ಮೇಲೆ ಕೈಯಾಡಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ರೋಗ ಕರಿಯಾಕ ನಮ್ಮ ಗೋಧಿನೇ ಬೇಕಾತೇನ್ರಿ" ಎಂದಳು. ಅಲ್ಲಿಯತನಕ ನನ್ನನ್ನು ಬಹುವಚನದಲ್ಲಿ ಕರೆದವಳಲ್ಲ. ನನಗೆ ಅಳು ಬಂತು. ಬುತ್ತಿಯ ಹತ್ತಿರ ಜನ ನಮ್ಮನ್ನು ಕೂಗುತ್ತಿದ್ದರು.

ಜನವರಿಯಲ್ಲಿ ರೋಗ ಸಡಿಲ ಬಿಟ್ಟ ಎತ್ತಿನಂತೆ ನಡೆಯಿತು. ಮೊದಲು ಕೆಳಗಿನ ಎಲೆ, ಆಮೇಲೆ ಮೇಲಿನ ಎಲೆ, ಆಮೇಲೆ ದಂಟು. ಅಂಚಿನಿಂದ ಪಕ್ಕದ ತುಂಡು ಹೊಲಕ್ಕೆ ದಾಟಿತು. ಹೊಲದಲ್ಲಿ ಹಾದು ಬಂದ ಆಡುಗಳ ಮೂತಿ ಕೆಂಪು, ಕಳೆ ಕೀಳುವ ಹೆಂಗಸರ ಸೀರೆಯ ನೆರಿಗೆ ಕೆಂಪು. ನನ್ನ ಬಿಳಿ ಓಢಣಿ ಎಷ್ಟು ಒಗೆದರೂ ಬಿಳುಪಿಗೆ ಬರಲಿಲ್ಲ. ಅಫಜಲಪುರದ ಕೋಣೆಯಲ್ಲಿ ಅದನ್ನು ಹಿಂಡಿದಾಗ ಇಳಿದ ನೀರನ್ನು ಮೋರಿಗೆ ಚೆಲ್ಲಲೂ ಹೆದರಿಕೆಯಾಗುತ್ತಿತ್ತು. ಮಂಜು ದಿನವೂ ಬಂತು. ಬಿಸಿಲು ಬಿದ್ದ ಮೇಲೆ ಎದ್ದ ಗಾಳಿಗೆ ಹೊಲದ ಮೇಲೆ ತೆಳ್ಳಗೆ ಕಂದು ಹೊಗೆ ಆಡುತ್ತಿತ್ತು. ಅದರ ನಡುವೆ, ಸುತ್ತಲೂ ಬೆಂಕಿ ಹತ್ತಿದ ಮನೆಯಲ್ಲಿ ಮಲಗಿದ ಕೂಸಿನಂತೆ, ರೈ ಚೂರು ಹೊತ್ತ ಸಾಲುಗಳು ಹಸಿರಾಗಿ ನಿಂತಿದ್ದವು. ಒಂದು ಕಲೆಯಿಲ್ಲ. ಅವುಗಳನ್ನು ನೋಡಿದರೆ ಸಂತೋಷ ಆಗಬೇಕಿತ್ತು. ಆಗುತ್ತಿರಲಿಲ್ಲ.

ಔಷಧ ಹೊಡೆದರೆ ತುಂಡು ಹೊಲ ಇನ್ನೂ ಉಳಿಯುತ್ತಿತ್ತು. ಸರ್ ಬಂದ ದಿನ ನಾನು ಜೀಪಿನ ಬಾಗಿಲಲ್ಲೇ ತಡೆದು ನಿಂತು ಕೇಳಿದೆ. ಅಂಚು ಹೋದರೆ ಹೋಗಲಿ, ಆ ತುಂಡಿಗಾದರೂ ಹೊಡೆಯೋಣ, ಆಕೆಯ ಮನೆಯಲ್ಲಿ ಬೇರೆ ಬೀಜ ಇಲ್ಲ ಎಂದೆ. ಸರ್ ತುಂಡು ಹೊಲದ ಕಡೆ ಕೈ ತೋರಿಸಿದರು.

"ನಡುವ ಹತ್ತು ಹೆಜ್ಜಿ ಇಲ್ಲ. ಗಾಳಿಗಿ ಔಷಧ ಹಾರಿ ನಮ್ಮ ಸಾಲಿಗಿ ಬಿತ್ತಂದ್ರ, ಅದು ತನ್ನ ಬಲದ ಮ್ಯಾಲ ನಿಂತದ್ದೋ ಔಷಧದ ಬಲದ ಮ್ಯಾಲ ನಿಂತದ್ದೋ ಯಾರಿಗಿ ಗೊತ್ತಾಗ್ತದ?" ಎಂದರು. "ಇದೊಂದು ನಿಂತ್ರ ಎಷ್ಟು ಹೊಲ ಉಳಿತಾವ ಯೋಚನಿ ಮಾಡು. ಕಾಳು ಹಾಲುಗಟ್ಟೋತನಕ ತಡಿ. ಆಮ್ಯಾಲ ಹೊಡಸೂಣು."

"ಅಷ್ಟೊತ್ತಿಗಿ ಏನು ಉಳಿತದ ಸರ್?"

ಅವರು ಜೇಬಿನ ಚಿಮಟ ತೆಗೆದು ನಡುಸಾಲಿನ ಕಡೆ ನಡೆದರು. ಕೆಟ್ಟ ಮನುಷ್ಯನಲ್ಲ ಅವರು. ಅವರ ಮುಖ ನೋಡಿದ್ದರೆ ನಿಮಗೂ ಹಾಗೆಯೇ ಅನಿಸುತ್ತಿತ್ತು. ಆದರೆ ಅವತ್ತು ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಕಬೂಲ ತಡೆಯಲಿಲ್ಲ. ಮರುದಿನ ಬೆಳಿಗ್ಗೆ ಬೆನ್ನಿಗೆ ಪಂಪು ಕಟ್ಟಿಕೊಂಡು, ಎಣ್ಣೆ ಬೆರೆಸಿಕೊಂಡು ಹೊಲಕ್ಕೆ ಬಂದ. ನಮ್ಮ ಕಡೆ ಪೀಕಿಗೆ ಹೊಡೆಯುವ ಔಷಧಕ್ಕೆಲ್ಲ ಎಣ್ಣೆ ಎಂದೇ ಹೆಸರು. ಖಾಜಾಬಿ ಬದುವಿನ ಮೇಲೆ ಅಡ್ಡ ನಿಂತಳು.

"ಸರಕೋ ಅಮ್ಮಾ, ಬಾಜೂಕ ಸರಿ. ನಮ್ಮ ಹೊಲ, ನಮ್ಮ ಗೋಧಿ. ಅವರು ಯಾರು ಬ್ಯಾಡ ಅನ್ನಾಕ?"

"ಜಬಾನ ಕೊಟ್ಟಾಕಿ ನಾನಲೇ. ಅವರಲ್ಲ."

"ನಿನ್ನ ಜಬಾನಿನ ಸಲುವಾಗಿ ನಿನ್ನ ಅತ್ತಿಯ, ನಮ್ಮ ದಾದಿಯ ಗೋಧಿ ಸಾಯಬೇಕೇನು?"

"ದಾದಿನೂ ಜಬಾನ ತಪ್ಪಿದಾಕಿ ಅಲ್ಲ. ಹಿಂದಕ ನಡಿ."

ಮಗ ನನ್ನತ್ತ ತಿರುಗಿದ. "ಮೇಡಮ್, ನೀವರ ಹೇಳ್ರಿ ಈಕಿಗಿ." ನಾನು ಹೇಳಿದೆ. ಹೊಡೆಯಲಿ ಬಿಡ್ರಿ ಖಾಲಾ, ಸರ್ ಬೈದರೆ ನಾನು ಬೈಸಿಕೊಳ್ಳುತ್ತೇನೆ ಎಂದು ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಬೇಡಿಕೊಂಡೆ. ಆಕೆ ಕದಲಲಿಲ್ಲ. ಮಕಬೂಲ ಪಂಪು ಇಳಿಸಿ, ಬೆರೆಸಿದ್ದನ್ನೆಲ್ಲ ಹಾದಿಯ ಮಣ್ಣಿಗೆ ಚೆಲ್ಲಿ ಹೋದ. ತಾಯಿ ಮಗ ಅದಾದ ಮೇಲೆ ಎಷ್ಟೋ ದಿನ ಮಾತಾಡಲಿಲ್ಲ.

ಈ ಜಗಳ ಸರ್ ಕಿವಿಗೆ ಬಿದ್ದಿರಬೇಕು. ಆ ವಾರ ಬಂದವರು ಖಾಜಾಬಿಯ ಮುಂದೆ ನೆಲದ ಮೇಲೆಯೇ ಕೂತರು. "ಅಮ್ಮಾ, ಇದೇ ಗಟ್ಟಿತನ ನಿಮ್ಮ ಗೋಧಿಗೂ ಕೂಡಿಸಿ ಕೊಡ್ತೇನಿ. ವರ್ಷಗಟ್ಟಲೆ ಹಿಡಿತದ. ನಾ ಇಲ್ಲದಿದ್ರ ಈಕಿ ಮಾಡ್ತಾಳ" ಎಂದು ನನ್ನನ್ನು ತೋರಿಸಿದರು. ಆಕೆ ಒಂದೇ ಪ್ರಶ್ನೆ ಕೇಳಿದಳು: "ಕೂಡಿಸಿದ ಮ್ಯಾಲೂ ನಮ್ಮದೇ ಇರ್ತದೇನ್ರಿ?" ಸರ್, ಒಂದು ಚೂರು ಬಿಟ್ಟು ಎಲ್ಲವೂ ನಿಮ್ಮದೇ ಎಂದರು. ಹಿಟ್ಟು ಕೈಗೆ ಅಂಟಬಾರದು, ಚೊಂಗೆ ಹರಿಯಬಾರದು ಎಂದು ಆಕೆ ಶರತ್ತು ಹಾಕಿದಳು. ಹಳೆಯ ರೈ ಚೂರಿನ ಗೋಧಿಗಳಲ್ಲಿ ಹಿಟ್ಟು ಅಂಟುವ ದೋಷ ಇದ್ದೇ ಇತ್ತು. ಅದು ಆಕೆಗೆ ಹೇಗೆ ಹೊಳೆಯಿತೋ ಎಂದು ಸರ್ ನನ್ನ ಮುಖ ನೋಡಿದರು. ಹೊಳೆದದ್ದೇನಿಲ್ಲ, ಒಂದು ದಿನ ಮಾತಿಗೆ ಮಾತು ಬಂದು ನಾನೇ ಹೇಳಿದ್ದೆ.

ತುಂಡು ಹೊಲದಲ್ಲಿ ಕಡಿಮೆ ಕಲೆಯಿದ್ದ ಗಿಡಗಳನ್ನು ಹುಡುಕಿ, ಅವುಗಳ ತೆನೆಯ ಗಂಡುಭಾಗ ಕಿತ್ತು, ನಡುಸಾಲಿನ ಪರಾಗ ತಂದು ಉದುರಿಸಿದೆವು. ಸರ್ ಚಿಮಟವನ್ನು ನನಗೆ ಕೊಡಲಿಲ್ಲ. ಕಾಗದದ ಟೊಪ್ಪಿಗೆ ಹಾಕಿದ ಆ ತೆನೆಗಳನ್ನು ಖಾಜಾಬಿ ದಿನಾ ಬಂದು ನೋಡಿ ಹೋಗುತ್ತಿದ್ದಳು. ಫೆಬ್ರುವರಿ ಬಂತು, ಬಿಸಿಲು ಒಮ್ಮೆಲೇ ಏರಿತು. ಮೈಯೆಲ್ಲ ಹುಣ್ಣಾದ ದಂಟುಗಳು ಆ ಬಿಸಿಲಿಗೆ ನೀರು ಏರಿಸಲಾರದೆ ಮುರಿದು ಬೀಳತೊಡಗಿದವು. ಟೊಪ್ಪಿಗೆ ಬಿಚ್ಚಿ ನೋಡಿದರೆ ಒಳಗೆ ಹೊಟ್ಟು ಮಾತ್ರ ಇತ್ತು. ತಾಯಿ ಗಿಡಕ್ಕೇ ಶಕ್ತಿ ಇಲ್ಲದಾಗ ಕೂಡಿಸಿದ ಕಾಳು ಎಲ್ಲಿಂದ ತುಂಬಬೇಕು? ಒಂದೊಂದೇ ಟೊಪ್ಪಿಗೆ ಬಿಚ್ಚಿ ಕೆಳಗೆ ಹಾಕುತ್ತ ಬಂದೆವು. ಸರ್ ಔಷಧ ಹೊಡೆಯಲು ಅನುಮತಿ ಕೊಟ್ಟದ್ದು ಅದೇ ದಿನ. ಹೊಡೆಯಲು ಮಕಬೂಲ ಬರಲಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲ.

ಮಾರ್ಚಿನಲ್ಲಿ ನಡುಸಾಲುಗಳನ್ನು ಕೊಯ್ದೆವು. ದುಂಡಗೆ ತುಂಬಿದ, ಮಿರುಗುವ ಕಾಳು. ಸರ್ ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಹೊರಳಿಸಿ ಹೊರಳಿಸಿ ನೋಡಿದರು. ಜೀಪು ಹತ್ತುವ ಮೊದಲು ಖಾಜಾಬಿಗೆ ಕೈ ಮುಗಿದು, "ನಿಮ್ಮ ಉಪಕಾರ ಮರಿಯಂಗಿಲ್ಲಮ್ಮಾ" ಎಂದರು. ಆಕೆ ಹೂಂ ಎಂದಳು. ಅದೇ ತಿಂಗಳ ಕೊನೆಗೆ ಅವರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ತಳಿ ಮುಂದಿನ ಪರೀಕ್ಷೆಗೆ ಆಯ್ಕೆಯಾಯಿತು.

ಖಾಜಾಬಿ ತನ್ನ ಗೋಧಿಯನ್ನು ತಾನೇ ಬಡಿದಳು. ಮೊರದಲ್ಲಿ ಹಾಕಿ ತೂರಿದರೆ ಹೊಟ್ಟಿನ ಜೊತೆ ಕಾಳೂ ಹಾರಿ ಹೋಗುತ್ತಿತ್ತು. ಜೀರಿಗೆಯಷ್ಟು ಸಣ್ಣ, ಸುಕ್ಕುಗಟ್ಟಿದ ಕಾಳು. ಗಾಳಿ ನಿಂತಾಗ ಅಂಗಳದಲ್ಲಿ ಕೂತು ಬೆರಳಿನಿಂದ ಆರಿಸಿದಳು. ಇಡೀ ಹೊಲದಿಂದ ಸಿಕ್ಕಿದ್ದು ಒಂದು ಸಣ್ಣ ಬಟ್ಟೆಗಂಟಿನಷ್ಟು. ಅದರಲ್ಲಿ ಜೀವ ಇದೆಯೋ ಇಲ್ಲವೋ ನೋಡಬೇಕೆಂದು ಒಂದು ಚಿಟಿಕೆ ಕಾಳನ್ನು ಒದ್ದೆ ಅರಿವೆಯಲ್ಲಿ ಸುತ್ತಿ ನೀರಿನ ಕೊಡದ ಪಕ್ಕ ಇಟ್ಟಳು. ಬಿಚ್ಚುವ ದಿನ ನಾನೂ ಇರಬೇಕೆಂದು ಹೇಳಿಕಳಿಸಿದಳು. ನನ್ನ ಅಲ್ಲಿಯ ಕೆಲಸ ಮುಗಿದಿತ್ತು. ಆದರೂ ಬಸ್ಸು ಹತ್ತಿ ಹೋದೆ.

ಆಕೆ ಅರಿವೆಯನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿದಳು. ಬಹುಪಾಲು ಕಾಳು ಕಪ್ಪಾಗಿ ಕೊಳೆತಿದ್ದವು. ಅವುಗಳ ನಡುವೆ ಕೆಲವು, ಕೆಲವೇ ಕೆಲವು, ಬಿಳಿ ಬೇರು ಚಾಚಿದ್ದವು.

"ಜೀವ ಅದ! ಯಾ ಅಲ್ಲಾ, ಜೀವ ಅದ ಬೇಟಿ!" ಎಂದು ಖಾಜಾಬಿ ನನ್ನ ಕೈ ಹಿಡಿದು ಅಲುಗಾಡಿಸಿದಳು. ಮತ್ತೆ ಬೇಟಿ ಅಂದಳಲ್ಲ ಎಂದು ನನ್ನ ಕಣ್ಣು ತುಂಬಿದವು. ಒಳಗಿಂದ ಮಕಬೂಲನೂ ಬಂದು ಬಗ್ಗಿ ನೋಡಿದ.

ಆಗ ನನಗೊಂದು ಫೋನು ಬಂತು. ಹಿರೋಳಿ ಸರ್ ಜಾಗಕ್ಕೆ ಬಂದ ಹೊಸ ಅಧಿಕಾರಿ. ಮಾತು ಮೆದು, ಕೆಲಸ ಚುರುಕು. "ಸುಜಾತಾ, ಆ ಅಫಜಲಪುರದ ಅಂಚಿನ ಗೋಧಿ ಭಾಳ ಚೆನ್ನಾಗಿ ರೋಗ ಹಿಡಿದಿದೆ. ಅಂಥದ್ದು ಬೇರೆಲ್ಲೂ ಸಿಗುತ್ತಿಲ್ಲ. ಮುಂದಿನ ವರ್ಷ ಮೂರು ಕಡೆ ಪರೀಕ್ಷೆ. ಆಕೆಯ ಹತ್ತಿರ ಎಷ್ಟಿದೆಯೋ ಅಷ್ಟೂ ಕೇಳಿ ತರಬೇಕು" ಎಂದರು.

ಖಾಜಾಬಿ ಬೇರು ಬಂದ ಕಾಳುಗಳನ್ನು ಒಂದು ಕಡೆ ಸರಿಸುತ್ತ ಕೂತಿದ್ದಳು. ಕೇಳಿದರೆ ಈಕೆ ಇಲ್ಲ ಅನ್ನುವುದಿಲ್ಲ. ಅದು ನನಗೆ ಸೂರ್ಯ ಮೂಡುವಷ್ಟೇ ಖಾತ್ರಿಯಿತ್ತು. ಹುಟ್ಟಿದಾಗಿನಿಂದ ಸುಳ್ಳಾಡಲು ಬಾರದ ನನ್ನ ಬಾಯಿ ತಾನಾಗಿಯೇ ತೆರೆಯಿತು. "ಅವರ ಮನ್ಯಾಗ ಒಂದು ಕಾಳೂ ಉಳಿದಿಲ್ಲ ಸರ್. ಎಲ್ಲಾ ಹೋತು."

ಫೋನು ಇಟ್ಟು ನೋಡಿದರೆ ಖಾಜಾಬಿಯ ಮುಖ ಕೆಂಪೇರಿತ್ತು.

"ಯಾರಿಗಿ ಹಂಗಂದಿ?"

"ಆಫೀಸಿನವರಿಗಿ ಖಾಲಾ. ಮತ್ತ ರೋಗ ಕರಿಯಾಕ ನಿಮ್ಮ ಬೀಜ ಬೇಕಂತ. ಇದ್ದದ್ದೆಲ್ಲಾ."

"ಬೀಜ ಕೇಳಿದರು. ನಮ್ಮ ಮನ್ಯಾಗ ಇಲ್ಲ ಅಂತ ನೀ ಅಂದಿ." ಆಕೆ ಎದ್ದು ನಿಂತಳು. "ಈ ಮನಿಗಿ ಬಂದು ಇಷ್ಟು ವರ್ಷ ಆತು, ಬೀಜ ಇಲ್ಲ ಅನ್ನೋ ಮಾತ ನನ್ನ ಬಾಯಾಗ ಬಂದಿಲ್ಲ. ನನ್ನ ಅಂಗಳದಾಗ ಕುಂತು ನೀ ಅಂದ್ಯಲ್ಲ!"

ಮಕಬೂಲ ಅಮ್ಮಾ ಅಮ್ಮಾ ಎನ್ನುತ್ತಲೇ ಇದ್ದ. ಆಕೆ ಒಳಗೆ ಹೋಗಿ ಗಂಟು ತಂದಳು. ಬಿಚ್ಚಿ, ನನ್ನ ಓಢಣಿಯ ಸೆರಗು ಹಿಡಿದೆಳೆದು ಅದರಲ್ಲಿ ಸುರುವಿದಳು. ಮೇಲೊಂದು ಬೊಗಸೆ ಹೆಚ್ಚಿಗೆ ಹಾಕಬೇಕಲ್ಲ. ಹಾಕಲು ಏನೂ ಇರಲಿಲ್ಲ. ಒದ್ದೆ ಅರಿವೆಯ ಮೊಳಕೆ ಕಾಳುಗಳನ್ನು ಎತ್ತಿ ಅದರ ಮೇಲೆ ಇಟ್ಟಳು. ನಾನು ಬೇಡ ಬೇಡ ಎನ್ನುತ್ತ ತಿರುಗಿ ಕೊಡಲು ಹೋದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಕೊಟ್ಟದ್ದು ತಗೊಳ್ಳಂಗಿಲ್ಲ. ಒಯ್ದು ಕೊಡು. ಖಾಜಾಬಿ ಕೊಟ್ಟಾಳ ಅಂತ ಹೇಳು."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಮಡಿಲಲ್ಲಿ ಗಂಟು, ಮೊಳಕೆಯ ತೇವ ಬಟ್ಟೆ ದಾಟಿ ತೊಡೆಗೆ ತಾಗುತ್ತಿತ್ತು. ಅಫಜಲಪುರ ಇನ್ನೂ ದೂರವಿರುವಾಗಲೇ ಫೋನು ಮತ್ತೆ ಬಂತು. "ಇನ್ನೊಮ್ಮೆ ವಿಚಾರಿಸ್ರಿ ಸುಜಾತಾ, ಒಂದು ಹಿಡಿಯಾದರೂ ಇದ್ದೇ ಇರುತ್ತದೆ. ಹಳೇ ಹೆಂಗಸರು ಎಲ್ಲಾದರೂ ಮುಚ್ಚಿಟ್ಟಿರುತ್ತಾರೆ" ಎಂದರು ಹೊಸ ಸಾಹೇಬರು.

ಗಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡು, "ಇಲ್ಲ ಸರ್, ಒಂದು ಕಾಳೂ ಇಲ್ಲ. ಆ ಗೋಧಿ ಮುಗೀತು" ಎಂದೆ. ಈ ಸಲ ಅದನ್ನು ಕೇಳಿಸಿಕೊಂಡು ಸಿಟ್ಟಾಗಲು ಖಾಜಾಬಿ ಅಲ್ಲಿರಲಿಲ್ಲ.